ಕರುವಿಗೆ ಹಾಲು ಬಿಡಿಸುವುದು

ತಾಯಿಯ ಹಾಲನ್ನೇ ನೆಚ್ಚಿದ ಕರುವನ್ನು ಹುಲ್ಲು, ಹಿಂಡಿ, ನೀರಿಗೆ ಒಗ್ಗಿಸುವ ಕ್ರಮ. ಎಳೆಗರುವಿನ ಮೆಲುಕುಚೀಲ ಚಿಕ್ಕದು. ಕುಡಿದ ಹಾಲು ನೇರವಾಗಿ ಹೊಟ್ಟೆಯ ನಾಲ್ಕನೆಯ ಕೋಶಕ್ಕೆ ಇಳಿಯುತ್ತದೆ. ಎರಡನೆಯ ವಾರದಿಂದ ಕರುವಿನ ಹಿಂಡಿ, ಎಳೆಹುಲ್ಲು ಮುಂದಿಟ್ಟರೆ ಸೂಕ್ಷ್ಮಜೀವಿಗಳು ನೆಲೆಗೊಂಡು ಮೆಲುಕುಚೀಲ ಬೆಳೆಯುತ್ತದೆ. ಹಾಗಾಗಿ ವಯಸ್ಸಿಗಿಂತ ಮೇವಿನ ಅಳತೆಯೇ ನಂಬಬಹುದಾದ ಗುರುತು: ಸತತ 3 ದಿನ ಸುಮಾರು 1 ಕಿಲೊ ಹಿಂಡಿ ತಿಂದ ಕರುವಿಗೆ ಹಾಲನ್ನು ದಿನದಿನಕ್ಕೆ ಇಳಿಸುತ್ತ ನಿಲ್ಲಿಸಬಹುದು. ಸಾಮಾನ್ಯವಾಗಿ ಇದು 2–3 ತಿಂಗಳ ಹೊತ್ತಿಗೆ. ಯಾವ ಕ್ರಮವಾದರೂ ಗಿಣ್ಣುಹಾಲು ತಪ್ಪಕೂಡದು. ರೋಗ ತಡೆಯುವ ಶಕ್ತಿ ಕರುವಿಗೆ ಅದರಿಂದಲೇ.

ನಾಟಿ ಹಸುಗಳೂ ಎಮ್ಮೆಗಳೂ ಕರು ಎದುರಿಲ್ಲದೆ ಸುಲಭವಾಗಿ ಸೊರೆ ಬಿಡುವುದಿಲ್ಲ. ಕರು ನಾಲ್ಕು ಗುಟುಕು ಚೀಪಿ, ತಲೆಯಿಂದ ಕೆಚ್ಚಲನ್ನು ಗುದ್ದಿದಾಗ ಮೊಲೆ ಬಿಗಿಯುತ್ತದೆ. ಆಗ ಅದನ್ನು ತಾಯಿಯ ಮುಂದೆ ಕಟ್ಟಿ ಕರೆಯುತ್ತಾರೆ. ಕದ್ದು ಕುಡಿಯದಂತೆ ಮೂತಿಗೆ ಕುಕ್ಕೆ ಹಾಕುವುದು ಕನ್ನಡನಾಡಿನ ಹಳೆಯ ರೂಢಿ.

ಮುಂಬೈ ಬಳಿಯ ಡೊಂಬಿವಲಿ, ಕಲ್ಯಾಣ, ಠಾಣೆಯ ತಬೇಲಾಗಳ (ಹಾಲು ಮಾರುವ ಕೊಟ್ಟಿಗೆಗಳ) ಲೆಕ್ಕವೇ ಬೇರೆ. ಅಲ್ಲಿ ಮುಖ್ಯವಾಗಿ ಎಮ್ಮೆಗಳು. ಮೇವು ಕೊಂಡು ತರಬೇಕು, ಜಾಗ ಇಕ್ಕಟ್ಟು, ಪ್ರತಿ ಲೀಟರಿಗೂ ಗಿರಾಕಿ ಉಂಟು. ಇಂಥಲ್ಲಿ ಮೊದಲು ಸೊರಗುವುದು ಗಂಡುಕರು. ಕರು ಸತ್ತ ಎಮ್ಮೆಗೆ ಆಕ್ಸಿಟೋಸಿನ್ ಚುಚ್ಚಿ ಹಾಲಿಳಿಸುವ ಕೆಟ್ಟ ಚಾಳಿಯೂ ಈ ಕಸುಬಿಗೆ ಅಂಟಿಕೊಂಡಿದೆ. ಹಾಲಿಗಾಗಿ ಪಶುವಿನ ಆರೋಗ್ಯಕ್ಕೆ ಹಾನಿಯಾಗುವಂಥ ಚುಚ್ಚುಮದ್ದು ಕೊಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೆಯ ಕಲಮಿನಡಿ ಅಪರಾಧ.