ಕಲ್ಲಿನಿಂದ ಮೊಬೈಲಿನವರೆಗೆ: ನ್ಯಾಸದ ಲೆಕ್ಕ

ತಂಬ್ರಹಳ್ಳಿಯಿರುವ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿಯೇ ಕೋಗಳಿ ಎಂಬ ಪ್ರಾಚೀನ ಜೈನಕೇಂದ್ರವಿದೆ. ಅಲ್ಲಿಯ ಬಸದಿಯನ್ನು ಗಂಗರ ದುರ್ವಿನೀತನು ಕಟ್ಟಿಸಿದನೆಂದು 1055ರ ಶಾಸನವು ಹೇಳುತ್ತದೆ. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ರಾಮನಾಥನ ಕಾಲಕ್ಕೆ, ಅಲ್ಲಿಯ ಚೆನ್ನ ಪಾರ್ಶ್ವದೇವರಿಗೆ ಸಂದ ಹೊನ್ನಿನ ದಾನಗಳೂ ಶಾಸನಸ್ಥವಾದವು. ಶ್ರವಣಬೆಳಗೊಳದಲ್ಲಿ ಭಕ್ತರು ಗದ್ಯಾಣಗಳನ್ನು ಇಡುಗಂಟಾಗಿ ಒಪ್ಪಿಸುತ್ತಿದ್ದರು. ಅದರ ಬಡ್ಡಿಯಿಂದ ಗೊಮ್ಮಟದೇವರ ನಿತ್ಯಾಭಿಷೇಕಕ್ಕೆ ಹಾಲು ಒದಗುತ್ತಿತ್ತು. ಮೊತ್ತವನ್ನು ಕಲ್ಲಿನಲ್ಲಿ ಕೊರೆಸಿದ ಮೇಲೆ ಅದು ಊರಿಗೆಲ್ಲ ಕಾಣುವ ಲೆಕ್ಕವೇ ಸರಿ.

ವರ್ತಕರ ಮನೆಯಲ್ಲಿ ಕಲ್ಲಿನ ಸ್ಥಾನಕ್ಕೆ ಕಿರ್ದಿ-ಖಾತೆಗಳು ಬಂದವು. ಅವನ್ನು ಬರೆಯುವವನೂ ಬೀಗ ಹಾಕಿಡುವವನೂ ಒಬ್ಬನೇ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಎಣಿಸಿರುವುದರ ಸೂಕ್ಷ್ಮವು ಇಲ್ಲಿ ತಿಳಿಯುತ್ತದೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ನ್ಯಾಸಾಪಹಾರಕ್ಕೆ ಕೊಟ್ಟ ವಿವರಣೆ ಗಮನಾರ್ಹ: ಹೊನ್ನನ್ನು ಇಟ್ಟವನು ಸಂಖ್ಯೆ ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದು. ಕಸಿದುಕೊಂಡದ್ದಲ್ಲ, ಕದ್ದದ್ದೂ ಅಲ್ಲ. ಪರರ ಮರೆವನ್ನು ತನ್ನ ಲಾಭವಾಗಿಸಿಕೊಂಡದ್ದು. ಇದನ್ನು ಚೌರ್ಯದ ಕೆಳಗೆ ಇಡದೆ ಸತ್ಯವ್ರತದ ಕೆಳಗೆ ಇಟ್ಟಿರುವುದು ಎಷ್ಟು ಉಚಿತ!

ಈ ಸೀಮೆಗೆ ಗ್ರಾಮೀಣ ಬ್ಯಾಂಕು ಬಂದದ್ದು 1976ರಲ್ಲಿ, ತುಂಗಭದ್ರಾ ಗ್ರಾಮೀಣ ಬ್ಯಾಂಕಿನ ಸ್ಥಾಪನೆಯೊಡನೆ. 2005, 2013, 2019 ಹಾಗೂ 2025ರ ವಿಲೀನಗಳಲ್ಲಿ ಹೆಸರು ಬದಲಾಗುತ್ತ ಬಂದರೂ ಪ್ರಧಾನ ಕಚೇರಿ ಬಳ್ಳಾರಿಯಲ್ಲಿಯೇ ಉಳಿದಿದೆ. ಕೈಬರಹದ ಪಾಸ್‌ಬುಕ್ಕು ಹೋಗಿ ಗಣಕಯಂತ್ರವು ಬಂದಿತು; 2016ರಲ್ಲಿ ಯುಪಿಐ ಆರಂಭವಾದ ಮೇಲೆ ಹಣವು ಮೊಬೈಲಿನಲ್ಲಿಯೇ ಕೈಯಿಂದ ಕೈಗೆ ಸಾಗತೊಡಗಿತು. ಇಟ್ಟವನು ಮರೆತರೂ ಯಂತ್ರವು ಮರೆಯದು. ಆಚಾರ್ಯರು ಹೇಳಿದ ದೋಷಕ್ಕೆ ಇನ್ನು ಎಡೆಯಿಲ್ಲವೆಂದು ತೋರಬಹುದು.

ಆದರೆ ಯಂತ್ರದ ನೆನಪನ್ನು ಓದಬಲ್ಲವರು ಯಾರು? ರಿಸರ್ವ್ ಬ್ಯಾಂಕು 2006ರಲ್ಲಿ ಅನುಮತಿಯಿತ್ತ ವ್ಯವಸ್ಥೆಯಂತೆ, ಶಾಖೆಗೆ ಹೋಗಲಾರದವರು ಹಳ್ಳಿಯ ಬ್ಯಾಂಕ್ ಮಿತ್ರರ ಬಳಿ ಆಧಾರ್ ಸಂಖ್ಯೆ ಹೇಳಿ, ಹೆಬ್ಬೆರಳಿಟ್ಟು ಪಿಂಚಣಿ ಪಡೆಯಬಹುದು. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅಕ್ಷರವರಿಯದ ವೃದ್ಧೆಯೊಬ್ಬಳು ‘ಎಷ್ಟು ಬಂದದೆ?’ ಎಂದು ಕೇಳಿದಾಗ ಅವಳಿಗೆ ದೊರೆಯುವ ಲೆಕ್ಕವು ಎದುರಿನವನ ಮಾತು ಮಾತ್ರ. ಮನೆಯಲ್ಲಿ ಅವಳ ಮೊಬೈಲು ನೋಡುವ ಮೊಮ್ಮಗನೂ ಅಲ್ಲಿ ನ್ಯಾಸಧಾರಿಯೇ. ಸಂಖ್ಯೆ ಮರೆತವನಿಗೂ ಸಂಖ್ಯೆ ಓದಲಾರದವಳಿಗೂ ಏನು ಅಂತರ?

ಬಸದಿಗಳ ವಿಷಯವೂ ಇದಕ್ಕೆ ಹತ್ತಿರವಾದುದೇ. ಕಾಣಿಕೆಯ ಹುಂಡಿಯನ್ನು ನಾಲ್ವರೆದುರು ತೆರೆದು ಎಣಿಸುವ ರೂಢಿ ಹಳೆಯದು. ಗೋಡೆಯ ಮೇಲಿನ ಕ್ಯೂಆರ್ ಕೋಡಿಗೆ ಸಂದ ಹಣ ಆ ಎಣಿಕೆಯಲ್ಲಿ ಬಾರದು. ಅದು ಟ್ರಸ್ಟಿನ ಖಾತೆಗೆ ಹೋಯಿತೋ ವ್ಯಕ್ತಿಯೊಬ್ಬರ ಖಾತೆಗೆ ಹೋಯಿತೋ ಎಂಬುದು ಆ ಕಪ್ಪು-ಬಿಳುಪು ಚೌಕಗಳನ್ನು ಕಣ್ಣಿನಿಂದ ನೋಡಿದರೆ ತಿಳಿಯದು. ನಿಜವಾದ ಕೋಡಿನ ಮೇಲೆ ಬೇರೆಯದನ್ನು ಅಂಟಿಸುವ ವಂಚನೆಗೆ ಅಚೌರ್ಯವ್ರತದ ಪ್ರತಿರೂಪಕ ವ್ಯವಹಾರವೆಂಬ ಹೆಸರೇ ಸಲ್ಲುತ್ತದೆ. ದಾನಿಯು ಹಣ ಕಳುಹಿಸುವ ಮುನ್ನ ಪರದೆಯ ಮೇಲೆ ಮೂಡುವ ಹೆಸರನ್ನು ಓದಿಕೊಳ್ಳಬೇಕು. ಟ್ರಸ್ಟುಗಳು ತಿಂಗಳ ಬ್ಯಾಂಕ್ ವಿವರಪಟ್ಟಿಯನ್ನು ಕೋಗಳಿಯ ಶಾಸನದಂತೆ ಬಸದಿಯ ಬಾಗಿಲಲ್ಲಿಯೇ ತೂಗುಹಾಕಬಹುದು.