ಮೇಲ್ಪರಿವರ್ತಕ ನ್ಯಾನೋಹರಳುಗಳಲ್ಲಿ ಬಣ್ಣದ ನಿಯಂತ್ರಣ: ಶಕ್ತಿ ಹಿಡಿಯುವ ದಾರಿಗಳು

ಕ್ವಾಂಟಂ ಚುಕ್ಕಿಯ ಬಣ್ಣ ಅದರ ಗಾತ್ರದೊಂದಿಗೆ ಬದಲಾಗುತ್ತದೆ. ವಿರಳ ಭಸ್ಮ ಧಾತುಗಳನ್ನು ಬೆರೆಸಿದ ಸೋಡಿಯಂ ಇಟ್ರಿಯಂ ಫ್ಲೋರೈಡ್ ಹರಳಿನಲ್ಲಿ ಆ ಉಪಾಯ ಸಾಗದು. ಇಲ್ಲಿ ಬೆಳಕಿಗೆ ಕಾರಣವಾದ 4ಎಫ್ ಎಲೆಕ್ಟ್ರಾನುಗಳು ಹೊರಗಿನ 5ಎಸ್, 5ಪಿ ಕವಚಗಳ ಮರೆಯಲ್ಲಿರುವುದರಿಂದ ರೋಹಿತದ ಗೆರೆಗಳು ಹೆಚ್ಚುಕಡಿಮೆ ಕದಲುವುದಿಲ್ಲ. ಎರ್ಬಿಯಂನ ಹಸಿರು 525 ಮತ್ತು 545 ನ್ಯಾನೋಮೀಟರ್ ಆಸುಪಾಸಿನಲ್ಲಿ, ಕೆಂಪು 655ರ ಬಳಿ, ಥೂಲಿಯಂನ ನೀಲಿ 475ರ ಬಳಿ ಬರುತ್ತವೆ. ಹಾಗಾಗಿ ಬದಲಾಗಬಹುದಾದದ್ದು ಗೆರೆಗಳ ತೀವ್ರತೆಯ ಅನುಪಾತ ಮಾತ್ರ. ಅದನ್ನು ತೀರ್ಮಾನಿಸುವುದು ಹರಳಿನೊಳಗೆ ಶಕ್ತಿ ಹಿಡಿಯುವ ದಾರಿ ಎಂಬುದು ನನ್ನ ವಾದ.

980 ನ್ಯಾನೋಮೀಟರಿನ ಅವಗೆಂಪು ಬೆಳಕನ್ನು ಹೀರಿದ ಇಟರ್ಬಿಯಂ ಅದನ್ನು ಪಕ್ಕದ ಎರ್ಬಿಯಂಗೆ ದಾಟಿಸುತ್ತದೆ. ಇಂಥ ಎರಡು ಕಂತು ಸೇರಿದಾಗ ಎರ್ಬಿಯಂ ಹಸಿರು ಹೊಮ್ಮಿಸುವ ಮಟ್ಟಕ್ಕೇರುತ್ತದೆ. ಫ್ರಾನ್ಸಿನ ಒಜೆಲ್ ಹಾಗೂ ಸೋವಿಯತ್ ಒಕ್ಕೂಟದ ಒವ್‌ಸ್ಯಾಂಕಿನ್–ಫಿಯೋಫಿಲೋವ್ ಜೋಡಿ 1966ರಲ್ಲಿ ಬೇರೆಬೇರೆಯಾಗಿ ಗುರುತಿಸಿದ ಮೇಲ್ಪರಿವರ್ತನೆ ಎಂಬ ಪ್ರಕ್ರಿಯೆ ಇದು. ಇಟರ್ಬಿಯಂ ಹೆಚ್ಚಿಸಿದರೆ ಲೆಕ್ಕ ತಿರುಗುತ್ತದೆ. ಹಸಿರು ಮಟ್ಟ ತಲುಪಿದ ಎರ್ಬಿಯಂ ಶಕ್ತಿಯ ಒಂದು ಪಾಲನ್ನು ನೆರೆಯ ಇಟರ್ಬಿಯಂಗೆ ಮರಳಿಸಿ ಕೆಳಗಿಳಿಯುತ್ತದೆ. ಅಲ್ಲಿಂದ ಮತ್ತೆ ಮೇಲೇರಿದಾಗ ನಿಲ್ಲುವುದು ಕೆಂಪಿನ ಮಟ್ಟದಲ್ಲಿ. ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾಲಯದ ಫೆಂಗ್ ವಾಂಗ್ ಮತ್ತು ಶಿಯಾವ್‌ಗಾಂಗ್ ಲಿಯು 2008ರಲ್ಲಿ ಎರ್ಬಿಯಂ ಪ್ರಮಾಣವನ್ನು ಶೇ. 2ಕ್ಕೆ ನಿಲ್ಲಿಸಿ, ಇಟರ್ಬಿಯಂ ಅನ್ನು ಶೇ. 25ರಿಂದ 60ಕ್ಕೆ ಏರಿಸಿ ಹಳದಿಯಿಂದ ಕೆಂಪಿನವರೆಗೆ ಸಾಗಿದರು. ಶೇ. 0.2 ಥೂಲಿಯಂ ಜೊತೆ ಎರ್ಬಿಯಂ ಅನ್ನು ಶೇ. 0.2ರಿಂದ 1.5ರವರೆಗೆ ಸೇರಿಸಿದಾಗ ನೀಲಿ ಬಿಳಿಯತ್ತ ತಿರುಗಿತು.

ಇದೇ ಗುಂಪಿನ ಯುರೋಪಿಯಂ, ಟರ್ಬಿಯಂಗಳಿಗೆ ಹೀಗೆ ಹಂತಹಂತವಾಗಿ ಹತ್ತಲು ತಕ್ಕ ನಡುಮೆಟ್ಟಿಲುಗಳಿಲ್ಲ. ಈ ತೊಡಕಿಗೆ 2011ರಲ್ಲಿ ಬಂದ ಪರಿಹಾರ ನನಗೆ ಈ ಕ್ಷೇತ್ರದಲ್ಲೇ ಅತ್ಯಂತ ಸೊಗಸಾದದ್ದೆನಿಸುತ್ತದೆ: ತಿರುಳು, ಹೊರಪದರ ಎರಡೂ ಇರುವ ಹರಳಿನಲ್ಲಿ ತಿರುಳಿನ ಥೂಲಿಯಂ ಅತಿನೇರಳೆಯ ಮಟ್ಟಕ್ಕೇರಿ ಶಕ್ತಿಯನ್ನು ಗ್ಯಾಡೊಲಿನಿಯಂಗೆ ಕೊಡುತ್ತದೆ, ಆ ಶಕ್ತಿ ಗ್ಯಾಡೊಲಿನಿಯಂನಿಂದ ಗ್ಯಾಡೊಲಿನಿಯಂಗೆ ಜಿಗಿಯುತ್ತಾ ಹೊರಪದರದ ಯುರೋಪಿಯಂ ತಲುಪಿದರೆ ಕೆಂಪಾಗಿ, ಟರ್ಬಿಯಂ ತಲುಪಿದರೆ ಹಸಿರಾಗಿ ಹೊಮ್ಮುತ್ತದೆ. ಸಮಯವೂ ಒಂದು ಹಿಡಿಕೆಯೇ. ಅಯಾನುಗಳ ಉದ್ರಿಕ್ತ ಸ್ಥಿತಿಗಳು ಮೈಕ್ರೋಸೆಕೆಂಡಿನಿಂದ ಮಿಲಿಸೆಕೆಂಡಿನವರೆಗೆ ಉಳಿಯುವುದರಿಂದ, ಲೇಸರ್ ಮಿಡಿತದ ಅವಧಿಯನ್ನು ಬದಲಿಸಿಯೇ ಒಂದೇ ಹರಳಿನಿಂದ ಬೇರೆ ಬಣ್ಣ ಪಡೆಯಬಹುದೆಂದು 2015ರಲ್ಲಿ ತೋರಿಸಲಾಯಿತು.

ಹರಳಿನ ಮೇಲೆ ಬೀಳುವ ಲೇಸರ್ ಬೆಳಕಿನ ಸಾಂದ್ರತೆ ಬದಲಾದರೂ ಕೆಂಪು–ಹಸಿರು ಅನುಪಾತ ಬದಲಾಗುತ್ತದೆ. ಮೇಲ್ಮೈಗಂಟಿದ ನೀರಿನ, ಸಾವಯವ ಅಣುಗಳ ಕಂಪನಗಳೂ ಶಕ್ತಿಯನ್ನು ಕಸಿದು ದಾರಿ ತಪ್ಪಿಸುತ್ತವೆ. ಹಾಗಾಗಿ ವರದಿಯಲ್ಲಿ ಹರಳಿನ ಸಂಯೋಜನೆ ಬರೆದು ಪಕ್ಕದಲ್ಲಿ ಹೊಳೆಯುವ ಸೀಸೆಯ ಚಿತ್ರ ಇಟ್ಟರೆ ಸಾಲದು. ಪ್ರತಿ ಚದರ ಸೆಂಟಿಮೀಟರಿಗೆ ಎಷ್ಟು ವ್ಯಾಟ್, ಎಷ್ಟು ಹೊತ್ತಿನ ಮಿಡಿತ, ಹೊರಪದರದ ದಪ್ಪವೆಷ್ಟು ಎಂಬುದು ಜೊತೆಗಿದ್ದರಷ್ಟೇ ಆ ಬಣ್ಣವನ್ನು ಇನ್ನೊಂದು ಪ್ರಯೋಗಾಲಯ ಮತ್ತೆ ಪಡೆಯಬಲ್ಲದು.