ಅರ್ಜಿ ಹಾಕುವ ದಾರಿ: ಭಾರತದಲ್ಲಿ ಆಶ್ರಯಾರ್ಥಿಯ ಹಕ್ಕು ಮತ್ತು ಪ್ರಕ್ರಿಯೆ

ಜೀವಭಯದಿಂದ ತಾಯ್ನಾಡು ಬಿಟ್ಟು ಭಾರತಕ್ಕೆ ಬಂದವರು ಆಶ್ರಯ ಕೋರಿ ಯಾರಿಗೆ ಅರ್ಜಿ ಕೊಡಬೇಕು? ನಮ್ಮ ಯಾವ ಶಾಸನದಲ್ಲೂ ಈ ಪ್ರಶ್ನೆಗೆ ಉತ್ತರವಿಲ್ಲ. ನಿರಾಶ್ರಿತರನ್ನು ಕುರಿತ 1951ರ ಒಡಂಬಡಿಕೆಗಾಗಲಿ, ಅದರ ವ್ಯಾಪ್ತಿ ಹಿಗ್ಗಿಸಿದ 1967ರ ಪ್ರೋಟೊಕಾಲ್‌ಗಾಗಲಿ ಭಾರತ ಸಹಿ ಹಾಕಿಲ್ಲ ಎಂಬುದನ್ನೇ ಇದಕ್ಕೆ ಕಾರಣವಾಗಿ ಹೇಳುವುದು ವಾಡಿಕೆ. ಸಹಿ ಮುಖ್ಯವಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಇಲ್ಲಿನ ಆಶ್ರಯಾರ್ಥಿಯ ದಿನನಿತ್ಯದ ತೊಡಕು ಇರುವುದು ಬೇರೆ ಕಡೆ. ಆತನ ಭಯವನ್ನು ಕೇಳಿ ತೀರ್ಮಾನಿಸುವ ಕಚೇರಿಗೆ ಆತನನ್ನು ಉಳಿಸಿಕೊಳ್ಳುವ ಅಧಿಕಾರವಿಲ್ಲ. ಹಿಡಿಯುವ, ಕೂಡಿಡುವ, ಗಡಿಯಾಚೆ ಕಳಿಸುವ ಅಧಿಕಾರವಿರುವ ಕಚೇರಿಗೆ ಆ ಭಯವನ್ನು ಕೇಳುವ ಶಾಸನಬದ್ಧ ಹೊಣೆಯಿಲ್ಲ. ಈ ಎರಡು ಕಚೇರಿಗಳ ನಡುವಿನ ಅಂತರವೇ ಈ ಲೇಖನದ ವಿಷಯ.

ಮೊದಲು ಗುಂಪಾಗಿ ಬಂದವರ ಮಾತು. 1959ರ ನಂತರ ಬಂದ ಟಿಬೆಟನ್ನರನ್ನೂ 1983ರ ಹಿಂಸಾಚಾರದ ಬಳಿಕ ಬಂದ ಶ್ರೀಲಂಕಾದ ತಮಿಳರನ್ನೂ ಭಾರತ ಸರ್ಕಾರ ತಾನೇ ನೇರವಾಗಿ ಒಪ್ಪಿಕೊಂಡಿತು. ‘ನಿಮಗೆ ನಿಜಕ್ಕೂ ಭಯವಿದೆಯೇ’ ಎಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಲಿಲ್ಲ. ಅಂದಿನ ಮೈಸೂರು ಸರ್ಕಾರ ಟಿಬೆಟನ್ನರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟಿತು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲೂ ವಸಾಹತುಗಳು ಬಂದವು. ಅಲ್ಲಿನವರು ‘ಆರ್‌ಸಿ’ ಎಂದೇ ಕರೆಯುವ ನೋಂದಣಿ ಪತ್ರ ವಿದೇಶಿಯರ ನೋಂದಣಿಗೆಂದು ಇದ್ದ ಕಾನೂನಿನಡಿ ಕೊಟ್ಟದ್ದು. ಕಾಲಕಾಲಕ್ಕೆ ಅದನ್ನು ನವೀಕರಿಸಿಕೊಳ್ಳಬೇಕು. ಅಂದರೆ ಕರ್ನಾಟಕದಲ್ಲೇ ಹುಟ್ಟಿ, ಕನ್ನಡ ಕಲಿತು, ಜೋಳ ಬೆಳೆದು ಬದುಕಿದ ವ್ಯಕ್ತಿಯೂ ಆ ಪತ್ರದ ಮಟ್ಟಿಗೆ ವಿದೇಶಿ. ಉದಾರತೆ ದೊಡ್ಡದೇ. ಆದರೆ ಅದು ಬಂದದ್ದು ಸರ್ಕಾರದ ಆದೇಶಗಳ ರೂಪದಲ್ಲಿ, ಹಕ್ಕಿನ ರೂಪದಲ್ಲಲ್ಲ.

ಒಬ್ಬೊಬ್ಬರಾಗಿ ಬಂದವರ ದಾರಿ ಬೇರೆ. ಅಫ್ಘಾನಿಸ್ತಾನ, ಮ್ಯಾನ್ಮಾರ್, ಸೊಮಾಲಿಯಾದಂಥ ದೇಶಗಳಿಂದ ಬಂದವರು ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಗೆ, ಅಂದರೆ ಯುಎನ್‌ಎಚ್‌ಸಿಆರ್‌ಗೆ ಹೋಗಬೇಕು. ಮೊದಲು ನೋಂದಣಿ ನಡೆದು, ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಪ್ರಮಾಣಪತ್ರ ಸಿಗುತ್ತದೆ. ಮುಂದಿನದು ಸಂದರ್ಶನ. ಭಯ ಸಕಾರಣವಾದದ್ದೆಂದು ಕಂಡರೆ ನಿರಾಶ್ರಿತರ ಗುರುತಿನ ಕಾರ್ಡು. ತಿರಸ್ಕೃತವಾದರೆ ಅದೇ ಸಂಸ್ಥೆಯಲ್ಲಿ ಮೇಲ್ಮನವಿ, ಅದನ್ನು ಪರಿಶೀಲಿಸುವವರು ಬೇರೊಬ್ಬ ಅಧಿಕಾರಿ. ಅದೂ ಬಿದ್ದರೆ ಕಡತ ಮುಚ್ಚಿದಂತೆ. ಅಳೆಯುವ ಕೋಲು 1951ರ ವ್ಯಾಖ್ಯೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳದ ಭಯ. ಬಡತನ, ಬರಗಾಲ ಎಷ್ಟೇ ಭೀಕರವಾಗಿದ್ದರೂ ತಾವಾಗಿಯೇ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಸಂದರ್ಶನದ ಕೋಣೆಯಲ್ಲಿ ಕಾಗದಪತ್ರಕ್ಕಿಂತ ಹೆಚ್ಚು ತೂಗುವುದು ಮಾತು. ಮನೆ ಬಿಟ್ಟು ಓಡುವವರು ಪುರಾವೆ ಜೋಡಿಸಿಕೊಂಡು ಬರುವುದಿಲ್ಲ ಎಂಬ ತಿಳಿವಳಿಕೆ ನಿರಾಶ್ರಿತರ ಕಾನೂನಿನಲ್ಲಿ ಹಳೆಯದು. ಸತ್ಯ ಕಂಡುಕೊಳ್ಳುವ ಹೊಣೆ ಅರ್ಜಿದಾರನದಷ್ಟೇ ಅಲ್ಲ, ಪರಿಶೀಲಕನದೂ ಹೌದು. ಒಟ್ಟು ಕಥನ ನಂಬುವಂತಿದ್ದರೆ ಉಳಿದ ಸಂದೇಹದ ಲಾಭ ಅರ್ಜಿದಾರನಿಗೆ ಸಲ್ಲಬೇಕು ಎಂದು ಯುಎನ್‌ಎಚ್‌ಸಿಆರ್‌ನ 1979ರ ಕೈಪಿಡಿ ಹೇಳುತ್ತದೆ. ಹೀಗಿದ್ದೂ ಅರ್ಜಿಗಳು ಎಡವುವುದು ಬಹಳ ಸಣ್ಣ ಕಲ್ಲುಗಳ ಮೇಲೆ. ಉದಾಹರಣೆಗೆ ತಾರೀಖು. ಅಫ್ಘನ್ನರ ಸೌರ ಪಂಚಾಂಗದ 1394ನೇ ವರ್ಷ 2015ರ ಮಾರ್ಚ್ 21ಕ್ಕೆ ಹುಟ್ಟಿ 2016ರ ಮಾರ್ಚ್‌ವರೆಗೆ ನಡೆಯಿತು. ‘1394ರ ಚಳಿಗಾಲದಲ್ಲಿ ಬೆದರಿಕೆ ಬಂತು’ ಎಂದದ್ದನ್ನು ದುಭಾಷಿ ಒಮ್ಮೆ 2015 ಎಂದೂ ಇನ್ನೊಮ್ಮೆ 2016 ಎಂದೂ ಹೇಳಿದರೆ ಎರಡೂ ತಪ್ಪಲ್ಲ. ಪುಷ್ಯ ಮಾಸದ ಘಟನೆ ಯಾವ ಇಸವಿಯದೆಂದು ಕೇಳಿದರೆ ಯುಗಾದಿಗೆ ವರ್ಷ ಎಣಿಸುವ ನಮ್ಮ ಹಿರಿಯರೂ ತಡವರಿಸುತ್ತಾರೆ. ಕಡತದಲ್ಲಿ ಮಾತ್ರ ಅದು ‘ಹೇಳಿಕೆಯಲ್ಲಿ ವೈರುಧ್ಯ’ ಆಗಿ ದಾಖಲಾಗಬಹುದು. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಜನವರಿ 1 ಎಂದು ಬರೆದುಬಿಡುವ ರೂಢಿಯೂ ಇದೇ ಬಗೆಯದು. ಲೋಕದ ಎಷ್ಟೋ ನಿರಾಶ್ರಿತರ ಕಾರ್ಡುಗಳಲ್ಲಿ ಹುಟ್ಟುಹಬ್ಬ ಒಂದೇ ದಿನ.

ಭಯ ಎಷ್ಟು ಖಚಿತವಾಗಿರಬೇಕು? ಅಮೆರಿಕದ ಸುಪ್ರೀಂ ಕೋರ್ಟು 1987ರ ಕಾರ್ಡೋಜಾ-ಫೊನ್ಸೆಕಾ ಪ್ರಕರಣದಲ್ಲಿ, ಕಿರುಕುಳದ ಸಂಭವ ಶೇ. 50ನ್ನು ಮೀರಬೇಕಿಲ್ಲ, ಶೇ. 10ರಷ್ಟಿದ್ದರೂ ಭಯ ಸಕಾರಣವಾಗಿರಬಹುದು ಎಂದಿತು. ಭಾರತದಲ್ಲಿ ಇಂಥ ಅಳತೆಗೋಲನ್ನು ರೂಪಿಸುವ ಸಂದರ್ಭವೇ ನ್ಯಾಯಾಲಯಗಳಿಗೆ ಬರಲಾರದು. ತೀರ್ಪು ಕೊಡುವುದು ಶಾಸನದ ಹೊರಗಿರುವ ಸಂಸ್ಥೆ. ಅದರ ಮೇಲೆ ಮೇಲ್ಮನವಿ ನಮ್ಮ ಯಾವ ಕೋರ್ಟಿಗೂ ಹೋಗುವುದಿಲ್ಲ.

ಇನ್ನೊಂದು ಕಚೇರಿಯ ಕಡೆ ನೋಡೋಣ. 1946ರ ವಿದೇಶಿಯರ ಕಾಯ್ದೆ ಪ್ರವಾಸಿ, ನುಸುಳುಕೋರ, ನಿರಾಶ್ರಿತ ಎಂಬ ಭೇದ ಮಾಡಲಿಲ್ಲ. ತಾನು ವಿದೇಶಿಯಲ್ಲ ಎಂದು ಸಾಬೀತುಪಡಿಸುವ ಭಾರವನ್ನು ವ್ಯಕ್ತಿಯ ಮೇಲೇ ಹೊರಿಸಿತು. ಉಲ್ಲಂಘನೆಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸಿತು. 1951ರ ಒಡಂಬಡಿಕೆಯ 31ನೇ ವಿಧಿ ಹೇಳುವುದು ಇದಕ್ಕೆ ತದ್ವಿರುದ್ಧ: ಪ್ರಾಣ ಉಳಿಸಿಕೊಳ್ಳಲು ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ನಿಂತವರನ್ನು ಅಕ್ರಮ ಪ್ರವೇಶಕ್ಕಾಗಿ ದಂಡಿಸಬಾರದು.

ಎರಡರ ನಡುವೆ ಕೇಂದ್ರ ಗೃಹ ಸಚಿವಾಲಯ 2011ರ ಡಿಸೆಂಬರ್ 29ರಂದು ಒಂದು ಕಾರ್ಯವಿಧಾನ ಹೊರಡಿಸಿತು. 2019ರಲ್ಲಿ ಅದನ್ನು ಪರಿಷ್ಕರಿಸಿತು. ತಾನು ನಿರಾಶ್ರಿತನೆಂದು ಹೇಳಿಕೊಂಡ ವಿದೇಶಿಯ ಹೇಳಿಕೆಯಲ್ಲಿ ಮೇಲ್ನೋಟಕ್ಕೆ ಹುರುಳಿದ್ದರೆ ರಾಜ್ಯ ಸರ್ಕಾರ 30 ದಿನಗಳೊಳಗೆ ಗೃಹ ಸಚಿವಾಲಯಕ್ಕೆ ಶಿಫಾರಸು ಮಾಡಬೇಕು. ಒಪ್ಪಿಗೆಯಾದರೆ ದೀರ್ಘಾವಧಿ ವೀಸಾ, ಅದರೊಂದಿಗೆ ಖಾಸಗಿ ಉದ್ಯೋಗಕ್ಕೂ ಓದಿಗೂ ಅವಕಾಶ. ವಿಶೇಷವೆಂದರೆ ಈ ಸುತ್ತೋಲೆ 1951ರ ಪಟ್ಟಿಯಲ್ಲಿಲ್ಲದ ಲಿಂಗವನ್ನೂ ಭಯದ ಕಾರಣಗಳಲ್ಲಿ ಸೇರಿಸಿಕೊಂಡಿದೆ. ಸಹಿ ಹಾಕದ ದೇಶದ ಸುತ್ತೋಲೆ ಸಹಿ ಹಾಕಿದವರ ಒಡಂಬಡಿಕೆಗಿಂತ ಒಂದು ಹೆಜ್ಜೆ ಮುಂದಿದೆ! ಆದರೆ ಇದು ಶಾಸನವಲ್ಲ. ಠಾಣೆಯ ಮಟ್ಟದಲ್ಲಿ ಇದು ಯಾರಿಗೂ ನೆನಪಾಗದಿದ್ದರೆ ಆಶ್ರಯಾರ್ಥಿ ನೇರವಾಗಿ ಮೊಕದ್ದಮೆಗೆ ಸಿಲುಕುತ್ತಾನೆ, ಅಲ್ಲಿಂದ ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿರುವಂಥ ವಿದೇಶಿಯರ ಬಂಧನ ಕೇಂದ್ರಕ್ಕೆ ಸೇರುತ್ತಾನೆ.

ಹೀಗೆ ಹಕ್ಕಿನ ಪ್ರಶ್ನೆ ಸಂವಿಧಾನದ ಅಂಗಳಕ್ಕೆ ಬಂತು. ವಿದೇಶಿಯರನ್ನು ಹೊರಹಾಕುವ ಸರ್ಕಾರದ ಅಧಿಕಾರ ಅಬಾಧಿತವೆಂದು ಸುಪ್ರೀಂ ಕೋರ್ಟು 1955ರ ಹಾನ್ಸ್ ಮುಲ್ಲರ್ ಪ್ರಕರಣದಲ್ಲಿ ಹೇಳಿತ್ತು. 1996ರಲ್ಲಿ ಅರುಣಾಚಲದ ಚಕ್ಮಾಗಳ ಪ್ರಕರಣದಲ್ಲಿ ಅದೇ ನ್ಯಾಯಾಲಯ, 21ನೇ ವಿಧಿಯ ಜೀವರಕ್ಷಣೆ ಪೌರರಲ್ಲದವರಿಗೂ ಸಲ್ಲುತ್ತದೆ, ರಾಜ್ಯ ಅವರನ್ನು ಕಾಯಬೇಕು ಎಂದಿತು. ಈ ಎರಡು ಎಳೆಗಳು 2021ರಲ್ಲಿ ಒಂದು ತಿಂಗಳೊಳಗೆ ಎದುರುಬದುರಾದವು.

ಏಪ್ರಿಲ್ 8ರಂದು ಸಲೀಮುಲ್ಲಾ ಪ್ರಕರಣದಲ್ಲಿ, ಜಮ್ಮುವಿನಲ್ಲಿ ಬಂಧಿತರಾಗಿದ್ದ ರೋಹಿಂಗ್ಯಾಗಳಿಗೆ ಮಧ್ಯಂತರ ಪರಿಹಾರ ಕೊಡಲು ಸುಪ್ರೀಂ ಕೋರ್ಟು ಒಪ್ಪಲಿಲ್ಲ. 14 ಮತ್ತು 21ನೇ ವಿಧಿಗಳು ಎಲ್ಲರಿಗೂ ಅನ್ವಯಿಸುತ್ತವೆ, ಆದರೆ ಗಡೀಪಾರಾಗದಿರುವ ಹಕ್ಕು ದೇಶದಲ್ಲಿ ನೆಲೆಸುವ ಹಕ್ಕಿನ 19(1)(ಇ) ವಿಧಿಗೆ ಅಂಟಿಕೊಂಡದ್ದು, ಅದು ಪೌರರಿಗೆ ಮಾತ್ರ ಎಂದಿತು. ನಿಗದಿತ ಕಾರ್ಯವಿಧಾನ ಪಾಲಿಸದೆ ಅವರನ್ನು ಗಡೀಪಾರು ಮಾಡಬಾರದು ಎಂಬ ಷರತ್ತೊಂದನ್ನು ಇಟ್ಟಿತು. ಆ ಕಾರ್ಯವಿಧಾನದಲ್ಲಿ ‘ಹಿಂದಿರುಗಿದರೆ ಏನಾಗುತ್ತದೆ’ ಎಂದು ಕೇಳುವ ಹಂತ ಇರಲೇಬೇಕೇ ಎಂಬುದನ್ನು ಮಾತ್ರ ತೀರ್ಮಾನಿಸಲಿಲ್ಲ.

ಮೇ 3ರಂದು ಮಣಿಪುರ ಹೈಕೋರ್ಟಿನ ತೀರ್ಪು ಬಂತು. ಫೆಬ್ರವರಿ 1ರ ಸೇನಾ ದಂಗೆಯ ನಂತರ ಪತ್ರಕರ್ತರೂ ಮಕ್ಕಳೂ ಇದ್ದ ಏಳು ಮಂದಿಯ ತಂಡ ಮ್ಯಾನ್ಮಾರಿನಿಂದ ಗಡಿ ದಾಟಿ ಮಣಿಪುರ ಸೇರಿತ್ತು. ನಿರಾಶ್ರಿತ ಸ್ಥಾನ ಕೊಡುವ ಅಧಿಕಾರ ರಾಜ್ಯಗಳಿಗಿಲ್ಲ ಎಂದು ಗೃಹ ಸಚಿವಾಲಯ ಮಾರ್ಚ್ 10ರಂದೇ ಈಶಾನ್ಯ ರಾಜ್ಯಗಳಿಗೆ ಬರೆದಿತ್ತು. ಬಂದವರಿಗೆ ಶಿಬಿರ ತೆರೆಯಬೇಡಿ, ಸೌಜನ್ಯದಿಂದ ವಾಪಸು ಕಳಿಸಿ ಎಂದು ಮಣಿಪುರ ಸರ್ಕಾರ ಮಾರ್ಚ್ 26ರಂದು ಆದೇಶಿಸಿ, ಟೀಕೆ ಬಂದೊಡನೆ ಹಿಂತೆಗೆದುಕೊಂಡಿತ್ತು. ಈ ಏಳು ಮಂದಿಯ ಪರವಾಗಿ ವಕೀಲೆ ನಂದಿತಾ ಹಕ್ಸರ್ ಕೇಳಿದ್ದು ಆಶ್ರಯವನ್ನಲ್ಲ, ದೆಹಲಿಗೆ ಹೋಗಿ ಯುಎನ್‌ಎಚ್‌ಸಿಆರ್ ಮುಂದೆ ಅರ್ಜಿ ಹಾಕಲು ಸುರಕ್ಷಿತ ದಾರಿಯನ್ನು. ಜೀವಾಪಾಯವಿರುವ ಕಡೆಗೆ ಮರಳಿ ಅಟ್ಟಬಾರದೆಂಬ ತತ್ತ್ವವನ್ನು, ದೇಶದ ಭದ್ರತೆಗೆ ಧಕ್ಕೆಯಿಲ್ಲದ ಮಟ್ಟಿಗೆ, 21ನೇ ವಿಧಿಯೊಳಗೇ ಓದಬಹುದು ಎಂದ ನ್ಯಾಯಾಲಯ ಆ ದಾರಿಯನ್ನು ಕೊಟ್ಟಿತು.

ಈ ತೀರ್ಪಿನ ಬೆಲೆ ಅದರ ಸಾಧಾರಣತೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಏಳು ಮಂದಿ ನಿರಾಶ್ರಿತರೇ ಅಲ್ಲವೇ ಎಂದು ಅದು ತೀರ್ಮಾನಿಸಲಿಲ್ಲ. ತೀರ್ಮಾನಿಸುವ ಕಚೇರಿಯವರೆಗೆ ಅವರನ್ನು ಯಾರೂ ತಡೆಯದಂತೆ ನೋಡಿಕೊಂಡಿತು, ಅಷ್ಟೆ. ಮೇಲೆ ಹೇಳಿದ ಎರಡು ಕಚೇರಿಗಳ ನಡುವಿನ ಅಂತರವನ್ನು ಇಂಫಾಲದಿಂದ ದೆಹಲಿಯವರೆಗಿನ ಪ್ರಯಾಣವೆಂದೇ ಗ್ರಹಿಸಿದ ಆದೇಶ ಇದು.

ಆದರೆ ಎಲ್ಲ ಆಶ್ರಯಾರ್ಥಿಗಳಿಗೂ ಹೈಕೋರ್ಟಿನ ಬಾಗಿಲು ಸಿಗುವುದಿಲ್ಲ. 2025ರ ಸೆಪ್ಟೆಂಬರ್ 1ರಿಂದ ಜಾರಿಯಾದ ವಲಸೆ ಮತ್ತು ವಿದೇಶಿಯರ ಕಾಯ್ದೆ 1946ರ ಕಾಯ್ದೆಯೂ ಸೇರಿ ನಾಲ್ಕು ಹಳೆಯ ಕಾಯ್ದೆಗಳನ್ನು ರದ್ದು ಮಾಡಿತು. ನಿರಾಶ್ರಿತ ಯಾರು ಎಂಬ ವ್ಯಾಖ್ಯೆ ಅದರಲ್ಲೂ ಇಲ್ಲ. ದಾಖಲೆಯಿಲ್ಲದೆ ಒಳಬಂದವರಿಗೆ ಐದು ವರ್ಷದವರೆಗೆ ಸೆರೆ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದೇ ದಿನ ಹೊರಬಿದ್ದ ವಿನಾಯಿತಿ ಆದೇಶದಲ್ಲಿ ಟಿಬೆಟನ್ನರಿದ್ದಾರೆ. 2015ರ ಜನವರಿ 9ರವರೆಗೆ ಆಶ್ರಯ ಪಡೆದ ನೋಂದಾಯಿತ ಶ್ರೀಲಂಕಾ ತಮಿಳರಿದ್ದಾರೆ. 2024ರ ಡಿಸೆಂಬರ್ 31ರೊಳಗೆ ಬಂದ ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿದ್ದಾರೆ. ತಾರೀಖು ಮತ್ತು ಸಮುದಾಯ ನೋಡಿ ಮಾಡಿದ ಪಟ್ಟಿ ಇದು. ತಾಲಿಬಾನಿಗೆ ಹೆದರಿ ಬಂದ ಹಜಾರಾ ಶಿಯಾಗಳಾಗಲಿ, ಮ್ಯಾನ್ಮಾರಿನ ಸೇನೆಗೆ ಹೆದರಿ ಬಂದ ಚಿನ್ ಸಮುದಾಯದ ಪತ್ರಕರ್ತರಾಗಲಿ ಇದರಲ್ಲಿಲ್ಲ.

ಇದನ್ನು ಸರಿಪಡಿಸಲು ಒಡಂಬಡಿಕೆಗೆ ಸಹಿ ಬೀಳುವವರೆಗೆ ಕಾಯಬೇಕಿಲ್ಲ. ಯಾವುದೇ ವರ್ಗದ ವಿದೇಶಿಯರಿಗೆ ಆದೇಶದ ಮೂಲಕ ವಿನಾಯಿತಿ ಕೊಡುವ ಅಧಿಕಾರವನ್ನು ಹೊಸ ಕಾಯ್ದೆಯೇ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆಶ್ರಯ ಕೋರಿ ಅರ್ಜಿ ಹಾಕಿದವರ ಮೇಲೆ ಆ ಅರ್ಜಿ ತೀರ್ಮಾನವಾಗುವವರೆಗೆ ಪ್ರವೇಶದ ಅಪರಾಧಕ್ಕಾಗಿ ಮೊಕದ್ದಮೆ ಹೂಡತಕ್ಕದ್ದಲ್ಲ, ಬಂಧನದಲ್ಲಿರುವವರಿಗೆ ಅರ್ಜಿ ಹಾಕುವ ಅವಕಾಶವನ್ನು ಠಾಣಾಧಿಕಾರಿಯೇ ಒದಗಿಸತಕ್ಕದ್ದು ಎಂದು ಆ ಆದೇಶಕ್ಕೆ ಒಂದು ಕಂಡಿಕೆ ಸೇರಿಸಿದರೆ, 2011ರ ಸುತ್ತೋಲೆಯ 30 ದಿನಗಳ ಗಡುವಿಗೆ ಕಾನೂನಿನ ಬಲ ಬರುತ್ತದೆ.